ಬರೆ, ಕೊಂಡಿ, ಲೇಸರ್

ನಮ್ಮ ಮಂಡಿಕಲ್ ಕಡೆ ಮೀನಖಂಡದ ಮೇಲೆ ಹಾವಿನ ಹಾಗೆ ಸುತ್ತಿಕೊಂಡು ಉಬ್ಬುವ ರಕ್ತನಾಳಕ್ಕೂ ‘ನರ’ ಎನ್ನುತ್ತಾರೆ, ನೋವನ್ನು ಮಿದುಳಿಗೆ ಮುಟ್ಟಿಸುವ ತಂತುವಿಗೂ ‘ನರ’ವೇ. ಶಾಲೆಯ ಪುಸ್ತಕ ಮಾತ್ರ ಮೊದಲನೆಯದನ್ನು ಅಭಿಧಮನಿ ಎನ್ನುತ್ತದೆ. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ನಿಂತು ರೇಷ್ಮೆ ನೂಲು ಬಿಚ್ಚಿದ ನಮ್ಮ ಚಿಕ್ಕಮ್ಮನಿಗೆ ಒಮ್ಮೆ ಆಪರೇಷನ್ ಆಗಿತ್ತು. ಉಬ್ಬು ಮತ್ತೆ ಬಂತು. ಈ ಸಲ ನರವನ್ನು ಒಳಗಿನಿಂದ ಸುಡುತ್ತೇವೆ ಎಂದು ವೈದ್ಯರು ಹೇಳಿದಾಗ ಆಕೆ ನನ್ನನ್ನು ಕೇಳಿದ್ದು, “ಬರೆ ಹಾಕ್ತಾರೇನಪ್ಪಾ?”

ಸರಿಯಾದ ಪ್ರಶ್ನೆಯೇ. ಸುಶ್ರುತ ಸಂಹಿತೆಯಲ್ಲಿ ಅಗ್ನಿಕರ್ಮಕ್ಕೇ ಒಂದು ಅಧ್ಯಾಯವಿದೆ. ಮಾಂಸಕ್ಕೆ ಕಾಯಿಸಿದ ಲೋಹ. ಸಿರೆ, ಕೀಲು, ಮೂಳೆಗಳಿಗೆ ಕುದಿಸಿದ ಜೇನು, ಬೆಲ್ಲ, ತುಪ್ಪ ಎಣ್ಣೆಯಂಥ ಜಿಡ್ಡು. ಬೆಂಕಿಯಿಂದ ಸುಟ್ಟ ರೋಗ ಮರಳುವುದಿಲ್ಲ ಎಂಬ ಭರವಸೆಯೂ ಅಲ್ಲೇ ಇದೆ. ರೋಮಿನ ಸೆಲ್ಸಸ್ ಇಂಥ ನಾಳವನ್ನು ಸುಡು, ಇಲ್ಲವೇ ಕಿತ್ತು ತೆಗೆ ಎಂದ. ಸೇನಾನಿ ಮಾರಿಯಸ್ ಕಟ್ಟಿಸಿಕೊಳ್ಳದೆ ಒಂದು ಕಾಲು ಕೊಯ್ಯಿಸಿಕೊಂಡು, ಇಷ್ಟು ನೋವಿಗೆ ಈ ಗುಣ ಸಾಲದೆಂದು ಇನ್ನೊಂದನ್ನು ಕೊಡಲೇ ಇಲ್ಲವೆಂದು ಪ್ಲುಟಾರ್ಕ್ ಬರೆಯುತ್ತಾನೆ. ಆ ಲೆಕ್ಕಾಚಾರ ನನಗೆ ಇವತ್ತಿಗೂ ನ್ಯಾಯವೆನ್ನಿಸುತ್ತದೆ.

ಆಮೇಲೆ ಕತ್ತಿಯ ಕಾಲ. 1890ರ ಸುಮಾರಿಗೆ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯಲ್ಲಿ ನಾಳಕ್ಕೆ ಗಂಟು ಹಾಕಿದ. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಉದ್ದನೆಯ ತಂತಿ ತೂರಿಸಿ ಇಡೀ ನಾಳವನ್ನೇ ಎಳೆದು ತೆಗೆದ. ಮುಂದಿನ ತೊಂಬತ್ತು ವರ್ಷ ಹೆಚ್ಚುಕಡಿಮೆ ಇದೇ ದಾರಿ. ಆದರೂ ಉಬ್ಬು ಮರಳುತ್ತಿತ್ತು. 1998ರಲ್ಲಿ ಪ್ಯಾರಿಸ್ಸಿನಲ್ಲಿ ತಜ್ಞರು ಈ ಮರುಕಳಿಕೆಯೊಂದಕ್ಕಾಗಿಯೇ ಸಭೆ ಸೇರಿದರು. ಮೊದಲ ಸಲ ಬಿಟ್ಟುಹೋದ ಕವಲು, ಬೇರೆ ನಾಳಕ್ಕೆ ಹಬ್ಬಿದ ರೋಗ, ತೊಡೆಸಂದಿನ ಗಾಯದಲ್ಲಿ ಹೊಸದಾಗಿ ಚಿಗುರುವ ಸಣ್ಣ ನಾಳಗಳು: ಕಾರಣ ಹಲವು. ಹಳೆಯ ಕಲೆಯನ್ನೇ ಮತ್ತೆ ಕೊಯ್ದರೆ ಸೋಂಕು, ದುಗ್ಧರಸ ಸೋರಿಕೆಯ ಭಯ.

ಬೆಂಕಿ ಮರಳಿದ್ದು ಇಲ್ಲಿಯೇ, ಸೂಜಿಯ ತೂತಿನಿಂದ. ರೇಡಿಯೋ ತರಂಗದ ತಂತಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ. ಅದೇ ವರ್ಷ ಸ್ಪೇನಿನ ಕಾರ್ಲೋಸ್ ಬೋನೆ ಲೇಸರ್ ಬಳಕೆಯನ್ನು ವರದಿ ಮಾಡಿದ. ಮೊದಲ ಲೇಸರ್‌ಗಳ ಬೆಳಕನ್ನು ರಕ್ತವೇ ಹೀರುತ್ತಿತ್ತು. ರಕ್ತ ಕುದಿದು ನಾಳದ ಗೋಡೆ ಅಲ್ಲಲ್ಲಿ ತೂತಾಗುತ್ತಿತ್ತು, ತೊಡೆ ಕಂದುತ್ತಿತ್ತು. ಬಳಿಕ ಬಂದ 1470 ನ್ಯಾನೋಮೀಟರ್ ಬೆಳಕನ್ನು ಗೋಡೆಯ ನೀರು ಹೀರುವುದರಿಂದ ಕಡಿಮೆ ಶಕ್ತಿ ಸಾಕು. ರೇಡಿಯೋ ತರಂಗದ ಹೊಸ ತಂತಿ ಏಳು ಸೆಂಟಿಮೀಟರ್ ಉದ್ದವನ್ನು 120 ಡಿಗ್ರಿಗೆ 20 ಸೆಕೆಂಡ್ ಕಾಯಿಸುತ್ತದೆ. ಸುಡುವವರ ಕೈಯ ವೇಗವನ್ನು ನೆಚ್ಚಬೇಕಿಲ್ಲ. 2011ರಲ್ಲಿ ಪ್ರಕಟವಾದ 500 ರೋಗಿಗಳ ಡೆನ್ಮಾರ್ಕ್ ಪರೀಕ್ಷೆಯಲ್ಲಿ ಲೇಸರ್‌ಗಿಂತ ಇದರಲ್ಲಿ ನೋವು ಕಡಿಮೆಯಿತ್ತು. ಅದು ಮೊದಲ ಚಿಕಿತ್ಸೆಯ ಹೋಲಿಕೆ, ಚಿಕ್ಕಮ್ಮನಂಥವರದ್ದಲ್ಲ.

ಮರುಕಳಿಸಿದ ಕಾಲಿನಲ್ಲಿ ಯಂತ್ರದ ಹೆಸರಿಗಿಂತ ಡಾಪ್ಲರ್ ಸ್ಕ್ಯಾನಿನಲ್ಲಿ ಕಾಣುವ ನಾಳದ ಆಕಾರವೇ ದೊಡ್ಡದು. ನೇರವಾದ ತುಂಡು ಉಳಿದಿದ್ದರೆ ಎರಡೂ ನಡೆಯುತ್ತವೆ. ಅಂಕುಡೊಂಕಾಗಿದ್ದರೆ ಬಾಗುವ ಕೊಳವೆಯಲ್ಲಿ ಬಿಸಿ ಹಬೆ ಹಾಯಿಸುವ ವಿಧಾನವಿದೆ. ಕಲೆಯಲ್ಲಿ ಚಿಗುರಿದ ಎಳೆಗಳೊಳಗೆ ತಂತಿ ಹೋಗದು. ಅಲ್ಲಿಗೆ ನೊರೆಯ ಇಂಜೆಕ್ಷನ್ನೇ.

ಇನ್ನು ಆ ‘ನರ’ದ ಗೊಂದಲ. ಮೀನಖಂಡದ ಹಿಂಭಾಗದಲ್ಲಿ ಸುಡಬೇಕಾದ ನರಕ್ಕೆ ಒತ್ತಿಕೊಂಡೇ ಸುಡಬಾರದ ನರ ಓಡುತ್ತದೆ. ಅದಕ್ಕೆ ಬಿಸಿ ತಾಗಿದರೆ ಪಾದದ ಅಂಚು ಮರಗಟ್ಟುತ್ತದೆ. ಹಾಗಾಗಿ ಸುಡುವ ಮೊದಲು ಮರವಿನ ಮದ್ದು ಬೆರೆಸಿದ ತಣ್ಣನೆಯ ಉಪ್ಪುನೀರನ್ನು ನಾಳದ ಸುತ್ತ ತುಂಬಿ ಎರಡನ್ನೂ ಬೇರ್ಪಡಿಸುತ್ತಾರೆ. ಈ ಉಪಾಯ ಹುಟ್ಟಿದ್ದು ಬೊಜ್ಜು ತೆಗೆಯುವ ಕೆಲಸಕ್ಕೆ, 1985ರಲ್ಲಿ, ಜೆಫ್ರಿ ಕ್ಲೈನ್ ಎಂಬ ಚರ್ಮವೈದ್ಯನಿಂದ.