ಹವ್ಯಾಸಿ ಎಂಬ ನಿರೀಕ್ಷಣಾ ಜಾಮೀನು

ಜಾತ್ರೆಯ ಮರುದಿನದ ನಾಟಕಕ್ಕೆ ಹಂಚುವ ಕರಪತ್ರದಲ್ಲಿ ‘ಊರಿನ ಹವ್ಯಾಸಿ ಕಲಾವಿದರಿಂದ’ ಎಂಬ ಸಾಲು ಕಂಡರೆ ನನಗೆ ಅದು ನಿರೀಕ್ಷಣಾ ಜಾಮೀನಿನ ಅರ್ಜಿಯಂತೆ ಕಾಣುತ್ತದೆ. ದುರ್ಯೋಧನ ಮಾತು ಮರೆತು ಭೀಮನ ಮುಖ ನೋಡಲಿ, ಗದೆಯ ರಟ್ಟು ಬಿಚ್ಚಿಕೊಳ್ಳಲಿ, ಕೇಸು ನಿಲ್ಲುವುದಿಲ್ಲ.

ಇದೇ ಪದ ಪೇಟೆಗೆ ಬಂದರೆ ಎದೆ ಸೆಟೆಸುತ್ತದೆ. ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರಲ್ಲೇ ಹುಟ್ಟಿತು. ‘ಹವ್ಯಾಸಿ ರಂಗಭೂಮಿ’ ಎನ್ನುವಾಗ, ನಾವು ಕಂಪನಿ ನಾಟಕದವರಂತೆ ಹೊಟ್ಟೆಪಾಡಿಗೆ ಬಣ್ಣ ಹಚ್ಚಿದವರಲ್ಲ ಎಂಬ ಸಣ್ಣ ಬಿಂಕವೂ ಆ ದನಿಯಲ್ಲಿರುತ್ತದೆ. ಇನ್ನು ಬರೀ ‘ಹವ್ಯಾಸ’ದ ಸಹವಾಸವಂತೂ ಹೇಳುವ ಹಾಗಿಲ್ಲ. ವಧೂವರರ ಮಾಹಿತಿ ಪತ್ರದಲ್ಲಿ ಓದು, ಸಂಗೀತಗಳ ಪಕ್ಕ ಕೂರುತ್ತದೆ. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ಕುಡಿತದ ಜೊತೆ ಸಿಕ್ಕಿಬೀಳುತ್ತದೆ. ನೆರೆಯ ಮರಾಠಿಯಲ್ಲಿ ಹವ್ಯಾಸ ಅಂದರೆ ತೀರದ ಆಸೆ, ಹಪಾಹಪಿ. ನನಗೆ ಈ ಅರ್ಥವೇ ಇಷ್ಟ. ಅಮೆಚೂರ್ ಎಂಬುದರ ಲ್ಯಾಟಿನ್ ಬೇರಿಗೆ ‘ಪ್ರೀತಿಸುವವನು’ ಎಂದರ್ಥ; ಅದು ತೀರಾ ಸಭ್ಯವಾಯಿತು.

ಹಪಾಹಪಿಯ ಹವ್ಯಾಸಿ ಎಂದರೆ ಪ್ಯಾರಿಸ್ಸಿನ ಆನ್ರಿ ರೂಸೊ. ನಗರದೊಳಗೆ ಬರುವ ಸರಕಿಗೆ ತೆರಿಗೆ ಹಾಕುವ ಕಟ್ಟೆಯಲ್ಲಿ ಗುಮಾಸ್ತ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತದೆ ನಮ್ಮ ಗಾದೆ. ಈ ಸುಂಕದವನೋ ತನ್ನದನ್ನೆಲ್ಲ ಕ್ಯಾನ್ವಾಸಿನ ಮುಂದೆ ಹೇಳಿಕೊಂಡ. 1893ರಲ್ಲಿ, ಐವತ್ತು ತುಂಬುವ ಮೊದಲೇ, ಕೆಲಸ ಬಿಟ್ಟು ಚಿತ್ರ ಬರೆಯುತ್ತ ಕೂತ. ಫ್ರಾನ್ಸ್ ದಾಟಿದವನಲ್ಲ, ಹುಲಿ ಸಿಂಹಗಳ ದಟ್ಟಡವಿಯನ್ನು ಊರಿನ ಸಸ್ಯೋದ್ಯಾನ ನೋಡಿ ಕಟ್ಟಿದ. ಅವನ ಫುಟ್‌ಬಾಲ್ ಆಟಗಾರರು ಪಟ್ಟೆಪಟ್ಟೆಯ ಬಟ್ಟೆ ತೊಟ್ಟು ಮೀಸೆ ಹೊತ್ತು, ಆಗಷ್ಟೇ ಹಾಸಿಗೆಯಿಂದೆದ್ದು ಬಂದವರಂತೆ ಕುಣಿಯುತ್ತಾರೆ. ಪ್ರದರ್ಶನಕ್ಕೆ ಜನ ನಗಲೆಂದೇ ಬರುತ್ತಿದ್ದರು. ನಗು ಬರುತ್ತದೆ ಕೂಡ, ನನಗೂ ಬಂದಿದೆ. ನಮ್ಮೂರ ಶಾಲೆಯ ಗೋಡೆಯ ಮೇಲೆ ಗಾಂಧಿ, ನೆಹರೂ, ಬೋಸರಿಗೆಲ್ಲ ಒಂದೇ ಮುಖವಿತ್ತು, ಕನ್ನಡಕ ಟೋಪಿಗಳಷ್ಟೇ ಬೇರೆ. ಅದನ್ನು ಕಂಡಾಗ ಬರುತ್ತಿದ್ದ ನಗುವೇ ಇದು. ಆದರೆ ಆ ಗೋಡೆಯನ್ನು ನಾನು ಮರೆತಿಲ್ಲ. ಆಮೇಲೆ ನೋಡಿದ ಎಷ್ಟೋ ಅಚ್ಚುಕಟ್ಟಾದ ಭಾವಚಿತ್ರಗಳು ನೆನಪಿನಲ್ಲಿಲ್ಲ.

ಪಿಕಾಸೊಗೂ ಹೀಗೇ ಆಗಿರಬೇಕು. 1908ರಲ್ಲಿ ಗುಜರಿ ಅಂಗಡಿಯೊಂದರಲ್ಲಿ ರೂಸೊ ಬರೆದ ಹೆಂಗಸಿನ ಚಿತ್ರ ಐದು ಫ್ರಾಂಕಿಗೆ ಸಿಕ್ಕಿತು. ಬಟ್ಟೆ ಚೆನ್ನಾಗಿದೆ, ಇದರ ಮೇಲೆಯೇ ನಿಮ್ಮ ಚಿತ್ರ ಬರೆದುಕೊಳ್ಳಬಹುದು ಎಂದನಂತೆ ಅಂಗಡಿಯವನು. ಪಿಕಾಸೊ ಬರೆಯಲಿಲ್ಲ, ಸಾಯುವವರೆಗೂ ಅದನ್ನು ಜೊತೆಗಿಟ್ಟುಕೊಂಡ. ಅದೇ ವರ್ಷ ತನ್ನ ಕೋಣೆಯಲ್ಲಿ ಮುದುಕನಿಗೊಂದು ಔತಣ ಕೊಟ್ಟ. ಹೇಳಿದ್ದ ಊಟ ಬರಲೇ ಇಲ್ಲ. ಪೆಟ್ಟಿಗೆಯ ಮೇಲೆ ಕುರ್ಚಿಯಿಟ್ಟ ಸಿಂಹಾಸನದಲ್ಲಿ ರೂಸೊ ಕೂತಿದ್ದ. ಮೇಲಿನ ಲಾಂದ್ರದಿಂದ ಮೇಣ ತೊಟ್ಟಿಕ್ಕಿ ತಲೆಯ ಮೇಲೆ ಗುಡ್ಡೆಯಾದರೂ ಕದಲಲಿಲ್ಲವಂತೆ. ಆ ರಾತ್ರಿ ನಡೆದದ್ದು ಗೇಲಿಯೋ ಸನ್ಮಾನವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡೂ ಇದ್ದಿರಬೇಕು. ರೂಸೊ ಮಾತ್ರ ಸನ್ಮಾನವನ್ನಷ್ಟೇ ಮನೆಗೆ ಒಯ್ದ. ಜಾಮೀನು ಬೇಡದ ಹವ್ಯಾಸಿ.

ಕವಿ ಅಪೊಲಿನೇರನ ಚಿತ್ರ ಬರೆಯುವಾಗ ಅವನ ಮೂಗು, ಬಾಯಿ, ಕಿವಿಗಳನ್ನೆಲ್ಲ ದರ್ಜಿಯಂತೆ ಅಳತೆ ತೆಗೆದುಕೊಂಡ. ಅಷ್ಟೆಲ್ಲ ಮಾಡಿ, ಕಾಲ ಬಳಿ ಇರಬೇಕಾದ ಹೂವನ್ನೇ ತಪ್ಪಾಗಿ ಬರೆದ. ಕವಿಗೆ ಸಲ್ಲುವುದು ಕಾರ್ನೇಶನ್ ಎಂದು ಗೊತ್ತಾದ ಮೇಲೆ ಇಡೀ ಚಿತ್ರವನ್ನು ಇನ್ನೊಮ್ಮೆ ಬರೆದ. ತಪ್ಪು ಹೂವಿನದು ಈಗ ಮಾಸ್ಕೋದಲ್ಲಿದೆ, ಸರಿ ಹೂವಿನದು ಬಾಸೆಲ್‌ನಲ್ಲಿ. ವೃತ್ತಿಪರನಾಗಿದ್ದರೆ ಹೂವಷ್ಟನ್ನೇ ತಿದ್ದಿ ಬಿಲ್ಲು ಕಳಿಸುತ್ತಿದ್ದ.