ಚಿಕನ್ ಸಲಾಡ್
ಬೇಯಿಸಿದ ಕೋಳಿಮಾಂಸವನ್ನು ಮೆಯೊನೀಸ್‌ನಲ್ಲಿ ಕಲಸಿ ತಣ್ಣಗೆ ಬಡಿಸುವ ತಿನಿಸು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇಸಿಗೆಯ ಊಟಕ್ಕೆ ಹೆಸರಾದುದು. ಅಲ್ಲಿ ಸೆಲರಿ, ಬೇಯಿಸಿದ ಮೊಟ್ಟೆ, ಸಿಹಿ ಉಪ್ಪಿನಕಾಯಿ ಸೇರಿಸುವುದು ರೂಢಿ. ಮುಂಬಯಿಯಲ್ಲಿ ಇದು ಹೆಚ್ಚಾಗಿ ಬೇಕರಿ, ಕೆಫೆಗಳ ಸ್ಯಾಂಡ್‌ವಿಚ್‌ನ ಹೂರಣ. ಕೋಳಿ, ಸೆಲರಿ, ಮೆಯೊನೀಸ್ ಮೂರೂ 1869ರಲ್ಲಿ ಪೂರ್ಣಗೊಂಡ ಅಲ್ಲಿನ ಕ್ರಾಫರ್ಡ್ ಮಾರುಕಟ್ಟೆಯಲ್ಲಿ ಸಿಗುತ್ತವೆ.

ವಿಧಾನ: ಮೂಳೆಯಿಲ್ಲದ ಎದೆಮಾಂಸವನ್ನು ಉಪ್ಪು, ಕಾಳುಮೆಣಸಿನ ನೀರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಪೂರ್ತಿ ಆರಿದ ಮೇಲೆ ಎಳೆಎಳೆಯಾಗಿ ಬಿಡಿಸಿ ಸೆಲರಿ, ಮೆಯೊನೀಸ್ ಸೇರಿಸಿ ಕಲಸಬೇಕು; ಬಿಸಿಯಲ್ಲೇ ಕಲಸಿದರೆ ಮೆಯೊನೀಸ್ ಎಣ್ಣೆ ಬಿಡುತ್ತದೆ. ಸೆಲರಿಯ ಬದಲು ಸೌತೆಕಾಯಿ ಹಾಕುವುದಾದರೆ ತಿರುಳು ತೆಗೆದು, ಹೆಚ್ಚಿ, ಉಪ್ಪು ಬೆರೆಸಿ ನೀರು ಹಿಂಡಬೇಕು. ಕೊನೆಗೆ ನಿಂಬೆರಸ.

ಸಂರಕ್ಷಣೆ: ಏಪ್ರಿಲ್–ಮೇ ಸೆಕೆಯಲ್ಲಿ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫ್ರಿಜ್‌ನ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇಡಬಾರದು.