ಬುಕಾನನನು ಕಂಡ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಗಿ ಒಂದು ಸಂವತ್ಸರವು ತುಂಬಿದಾಗ, 1800ನೆಯ ಇಸವಿಯ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಆ ರಾಜಧಾನಿಯನ್ನು ಪ್ರವೇಶಿಸಿದನು. ಯುದ್ಧದಿಂದ ಚೇತರಿಸಿಕೊಳ್ಳುತ್ತಿದ್ದ ಈ ಸೀಮೆಯ ಬೆಳೆ, ಕಸಬು, ವ್ಯಾಪಾರ, ಜನರ ನಡೆನುಡಿಗಳನ್ನು ಅರಿತು ಬರೆಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಆತನನ್ನು ನಿಯಮಿಸಿದ್ದನು. ಆ ಸಂಚಾರದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಪಟ್ಟಣವು ಆತನ ಕಣ್ಣಿಗೆ ಹಿಡಿಸಲಿಲ್ಲ. ಬಂಗಾಳವನ್ನು ಬಿಟ್ಟ ಮೇಲೆ ಇಷ್ಟು ಇಕ್ಕಟ್ಟಾದ, ಇಷ್ಟು ಗೊಂದಲದ ಬೀದಿಗಳನ್ನು ತಾನು ಕಂಡಿಲ್ಲವೆಂದೂ, ಮನೆಗಳಲ್ಲಿ ಬಹುಪಾಲು ಹೀನಸ್ಥಿತಿಯವೆಂದೂ ಆತನು ಬರೆದಿದ್ದಾನೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಆ ದ್ವೀಪದಲ್ಲಿ 1,50,000 ಜನರಿದ್ದರೆಂಬುದು ಆಗಿನ ಅಂದಾಜು. ಬುಕಾನನನ ಲೆಕ್ಕಕ್ಕೆ ಸಿಕ್ಕವರು ಸುಮಾರು 32,000. ಆ ಹಿಂದಿನ ಜನಸಂದಣಿಯು ಐಶ್ವರ್ಯದಿಂದ ಮಾತ್ರ ಬೆಳೆದುದಲ್ಲ. ದಂಡಿನವರು, ದರ್ಬಾರನ್ನು ನಂಬಿದ ಕಸಬುದಾರರು ಅಲ್ಲಿ ನೆರೆದಿದ್ದರು. ಇವರಲ್ಲದೆ, ಮುಖ್ಯಾಧಿಕಾರಿಗಳು ಕೈಮೀರದಂತೆ ಅವರ ಕುಟುಂಬಗಳನ್ನು ಸುಲ್ತಾನನು ಕೋಟೆಯೊಳಗೇ ಇರಿಸಿಕೊಂಡಿದ್ದನು. ಕಟ್ಟು ಕಳಚಿತು, ಜನರು ಚದುರಿದರು. ನೇಗಿಲಿನ ರೂಪವನ್ನು ಸಹ ಚಿತ್ರಸಹಿತವಾಗಿ ಕೊಡುವಷ್ಟು ಸೂಕ್ಷ್ಮದೃಷ್ಟಿಯುಳ್ಳವನಾದರೂ ಈತನು ಜನರ ಮಾತನ್ನು ದುಭಾಷಿಗಳ ಮುಖದಿಂದ ಕೇಳಿದವನು. ಮನೆಗಳನ್ನು ಎಣಿಸುವುದಕ್ಕೆ ಅದು ಸಾಕು. ಮನೆಯೊಳಗಿನ ಅಳಲನ್ನು ಅರಿಯುವುದಕ್ಕೆ ಸಾಲದು.

ಅಂಥ ಮನೆಗಳಲ್ಲಿ ಒಂದರ ಸಂಗತಿಯು ಚಾಮರಾಜನಗರದವರಿಗೆ ಹತ್ತಿರದ್ದು. ಈ ಊರಿಗೆ ಆಗ ಅರಿಕುಠಾರವೆಂದು ಹೆಸರು. ಇಲ್ಲಿ 1774ರಲ್ಲಿ ಹುಟ್ಟಿದ ಬಾಲಕನನ್ನು ಹೈದರನು ಚಾಮರಾಜ ಒಡೆಯರೆಂದು ಪಟ್ಟಕ್ಕೆ ಕೂರಿಸಿದನು, ಪಟ್ಟವಿತ್ತು, ಅಧಿಕಾರವಿರಲಿಲ್ಲ. ಅವರು 1796ರಲ್ಲಿ ತೀರಿಕೊಂಡ ಮೇಲೆ ರಾಜಕುಟುಂಬವನ್ನು ಅರಮನೆಯಿಂದ ಹೊರಡಿಸಿ ಬಡಮನೆಯೊಂದರಲ್ಲಿ ಇರಿಸಲಾಯಿತು. ಕೋಟೆಯು ಬಿದ್ದ ಬಳಿಕ ಇಂಗ್ಲಿಷರು ಹುಡುಕಿಕೊಂಡು ಹೋದುದು ಅಲ್ಲಿಗೇ. ವೃದ್ಧೆಯಾದ ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿದ್ದ ಐದು ವರ್ಷದ ಶಿಶುವಿಗೆ 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ರಾಜಧಾನಿಯೂ ಅವರೊಡನೆ ಮೈಸೂರಿಗೆ ಹೋಯಿತು. ಬುಕಾನನನು ಹೀನವೆಂದು ಬರೆದ ಬೀದಿಗಳ ನಡುವೆ ಒಂದು ವರ್ಷದ ಹಿಂದೆ ಸಂಸ್ಥಾನದ ಉತ್ತರಾಧಿಕಾರಿಯೇ ಬಡತನದಲ್ಲಿ ಬೆಳೆಯುತ್ತಿದ್ದನು.

ಆ ಶಿಶುವೇ ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆಯ ಜನ್ಮಸ್ಥಳಕ್ಕೆ ಅವರು 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ತಂದೆಯು ಹುಟ್ಟಿದ ಸ್ಥಳವೆಂದು ಗುರುತಿಸುವ ಜನನ ಮಂಟಪವನ್ನು ಊರಿನಲ್ಲಿ ಈಗಲೂ ಕಾಣಬಹುದು.